ಬಿನ್ನವತ್ತಳೆ ಮತ್ತು ಎಂಟನೇ ತರಗತಿಯ ರಿಟ್

ಲಿಂಗಸುಗೂರಿನ ಕೋರ್ಟಿನ ಎದುರು ನನ್ನದೊಂದು ಟೈಪಿಂಗ್ ಅಂಗಡಿ ಇದೆ. ಮೊದಲು ಕಟಕಟ ಅನ್ನುವ ಯಂತ್ರವಿತ್ತು, ಈಗ ಕಂಪ್ಯೂಟರ್ ಬಂದಿದೆ. ನನ್ನ ಬಾಯಿ ಮಾತ್ರ ಅಂದಿನಂತೆಯೇ ಕಟಕಟ ಅನ್ನುತ್ತದೆ. ಮೂವತ್ತು ವರ್ಷ ಊರಿನ ವಕೀಲರ ದಾವೆ, ತಕರಾರು, ಕೈಫಿಯತ್ತುಗಳನ್ನು ಬಡಿದು ಬಡಿದು, ಅವರಿಗಿಂತ ಕಾನೂನು ನನಗೇ ಒಂದು ಕೈ ಹೆಚ್ಚು ಗೊತ್ತು ಎಂಬ ಭಾವನೆ ನನ್ನೊಳಗೆ ಬೆಳೆದುಬಿಟ್ಟಿತ್ತು. ಅದಕ್ಕೆ ನೀರು ಹಾಕಿದವರು ಕಕ್ಷಿದಾರರು. ವಕೀಲರ ಕೋಣೆಯಿಂದ ಹೊರಗೆ ಬಂದವರು ನನ್ನ ಬೆಂಚಿನ ಮೇಲೆ ಕೂತು, "ಇದು ನಿಲ್ತೈತೇನ್ರಿ?" ಎಂದು ನನ್ನನ್ನೇ ಕೇಳುತ್ತಿದ್ದರು. "ನಿಲ್ತೈತಿ, ಹೋಗ್ರಿ" ಎನ್ನುತ್ತಿದ್ದೆ. ಎಷ್ಟು ನಿಂತವು, ಎಷ್ಟು ಬಿದ್ದವು ಎಂದು ನಾನು ಯಾವತ್ತೂ ವಿಚಾರಿಸಲು ಹೋದವನಲ್ಲ.

ಇಂಥ ನನಗೆ ರಿಟ್ ಅಂದರೆ ಏನೆಂದು ಕಲಿಸಿದವರು ಇಬ್ಬರು ಹೆಂಗಸರು. ಒಬ್ಬರು ಸಿಂಧನೂರಿನ ಕಡೆಯ ಹುಡುಗಿ, ಕಲಬುರಗಿಯ ಹೈಕೋರ್ಟ್ ಪೀಠದಲ್ಲಿ ವಕೀಲೆ. ಇನ್ನೊಬ್ಬಳು ನನ್ನ ಸ್ವಂತ ತಂಗಿ.

ನಮ್ಮೂರು ಸಂತೆಕಲ್ಲೂರಿನಿಂದ ಆರು ಕಿಲೋಮೀಟರ್ ಒಳಗೆ, ಎರಡು ಹಳ್ಳ ದಾಟಿ ಹೋಗಬೇಕು. ತಂಗಿಯನ್ನು ಅದೇ ಊರಲ್ಲೇ ಕೊಟ್ಟಿದ್ದೇವೆ. ಊರಲ್ಲಿ ಏಳನೇ ತರಗತಿಯವರೆಗೆ ಶಾಲೆ. ಎಂಟಕ್ಕೆ ಸಂತೆಕಲ್ಲೂರಿಗೆ ಹೋಗಬೇಕು. ಆಟೋ ತುಂಬಿದರೆ ಹೊರಡುತ್ತದೆ, ತುಂಬದಿದ್ದರೆ ಅದರ ಮಾಲೀಕ ಬೇವಿನ ಗಿಡದ ನೆರಳಿಗೆ ಮಲಗುತ್ತಾನೆ. ಗಂಡುಹುಡುಗರು ಯಾರದೋ ಬೈಕಿನ ಹಿಂದೆ ಮೂವರು ನಾಲ್ವರು ಜೋತುಬಿದ್ದು ಹೋಗಿಬಿಡುತ್ತಾರೆ. ಹೆಣ್ಣುಮಕ್ಕಳು ಏಳು ಮುಗಿಸಿ ಮನೆಯಲ್ಲಿ ಕೂಡುತ್ತಾರೆ. ಇದು ನಾನು ಹುಟ್ಟುವ ಮೊದಲಿನಿಂದಲೂ ನಡೆದುಬಂದದ್ದು, ಹಾಗಾಗಿ ಯಾರಿಗೂ ಇದು ತಪ್ಪು ಎಂದು ಅನ್ನಿಸಿರಲಿಲ್ಲ.

ಕೆಲ ವರ್ಷಗಳ ಹಿಂದೆ ನಮ್ಮ ಶಾಲೆಗೆ ಎಂಟನೇ ತರಗತಿ ಮಂಜೂರಾಗಿದೆ ಎಂಬ ಸರ್ಕಾರಿ ಆದೇಶ ಬಂತು. ಕೋಣೆಯೂ ಕಟ್ಟಿಯಾಯಿತು. ಶಿಕ್ಷಣ ಇಲಾಖೆಯ ಆಗಿನ ಅಧಿಕಾರಿ ಊರಿಗೆ ಬಂದು, "ಮುಂದಿನ ಜೂನ್‌ಗೆ ಶುರು ಮಾಡೇಬಿಡೋಣ" ಎಂದರು. ಮನುಷ್ಯ ಒಳ್ಳೆಯವರೇ. ಆದರೆ ನಮ್ಮ ಕಡೆ ಒಂದು ಪದ್ಧತಿ ಇದೆ. ದೊಡ್ಡವರಿಂದ ಕೆಲಸವಾಗಬೇಕಿದ್ದರೆ ನಾವು ಅರ್ಜಿ ಕೊಡುವುದಿಲ್ಲ, ಸನ್ಮಾನ ಮಾಡುತ್ತೇವೆ. ಕೈಗೆ ಅರ್ಜಿ ಕೊಟ್ಟು ಅದಕ್ಕೆ ಮೊಹರು ಒತ್ತಿ ಎಂದು ಕೇಳಿದರೆ ಅವರ ಮಾತಿನ ಮೇಲೆ ನಂಬಿಕೆ ಇಲ್ಲ ಎಂದಂತೆ, ಅದು ಅವಮಾನ. ಅದೇ ಶಾಲು ಹೊದಿಸಿ, ಕೆಲಸ ಆಗಿಯೇ ಹೋಯಿತು ಎಂಬಂತೆ ನಾಲ್ಕು ಜನರ ಮುಂದೆ ಹೊಗಳಿದರೆ, ಮನುಷ್ಯ ನಾಚಿಕೆಗಾದರೂ ಮಾಡುತ್ತಾನೆ. ನಮ್ಮ ಶಾಲಾ ಸಮಿತಿಯ ಅಧ್ಯಕ್ಷರು ಕಿರಾಣಿ ಅಂಗಡಿಯವರು. ಅವರ ಟ್ರಂಕಿನಲ್ಲಿ ಯಾವಾಗಲೂ ಆರು ಶಾಲು ತಯಾರಿರುತ್ತವೆ.

ಅಧ್ಯಕ್ಷರು ನನ್ನ ಅಂಗಡಿಗೆ ಬಂದರು. "ಒಂದು ಬಿನ್ನವತ್ತಳಿ ಬರ್ಕೊಡಪ. ಸಾಹೇಬ್ರಿಗೆ ಓದಿ ಕೇಳಿದ್ರ ಮೈ ಝುಮ್ ಅನ್ನಬೇಕು ನೋಡು" ಎಂದರು. ಸನ್ಮಾನದ ದಿನ ಚೌಕಟ್ಟು ಹಾಕಿಸಿ ಕೊಡುವ ಹೊಗಳಿಕೆಯ ಪತ್ರ ಅದು. ಅಂಥದ್ದು ಬರೆಯುವುದೆಂದರೆ ನನಗೂ ಕೈ ತುರಿಸುತ್ತದೆ. ದಿನವಿಡೀ 'ಸದರಿ ಪ್ರತಿವಾದಿಯು' ಎಂದು ಬಡಿಯುವವನಿಗೆ ಇನ್ನೆಲ್ಲಿ ಸಿಗುತ್ತದೆ ಸಾಹಿತ್ಯ? "ಜ್ಞಾನದಾಹದಿಂದ ಬಳಲುತ್ತಿದ್ದ ನಮ್ಮ ಗ್ರಾಮಕ್ಕೆ ಎಂಟನೇ ತರಗತಿಯೆಂಬ ಗಂಗೆಯನ್ನು ಹರಿಸಿದ ಆಧುನಿಕ ಭಗೀರಥರೇ" ಎಂದು ಶುರುಮಾಡಿ ಒಂದು ಪುಟ ತುಂಬಿಸಿದೆ. ಸುತ್ತ ಬಳ್ಳಿಯ ಅಂಚು ಹಾಕಿದೆ. ಸನ್ಮಾನ ಜೋರಾಗಿ ನಡೆಯಿತು. ಅಧಿಕಾರಿಗಳು ಕಣ್ಣೊರೆಸಿಕೊಂಡು ಚೌಕಟ್ಟನ್ನು ಜೀಪಿನಲ್ಲಿಟ್ಟುಕೊಂಡು ಹೋದರು. ಮುಂದಿನ ಜೂನ್ ಬರುವುದರೊಳಗೆ ಅವರಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಕೋಣೆಗೆ ಹಾಕಿದ ಬೀಗ ಹಾಗೆಯೇ ಉಳಿಯಿತು.

ಮತ್ತೆರಡು ವರ್ಷ ಕಳೆದವು. ಬೇಸಿಗೆಯ ಒಂದು ದಿನ ತಂಗಿ ಮಗಳನ್ನು ಕರೆದುಕೊಂಡು ಅಂಗಡಿಗೆ ಬಂದಳು. ಹುಡುಗಿ ಏಳನೇ ತರಗತಿ ಪಾಸಾಗಿದ್ದಳು, ಶಾಲೆಗೆ ಮೊದಲಿಗಳು. ನಾನು ಪೇಡೆ ತರಿಸಿದೆ. ತಂಗಿ ಪೇಡೆ ಮುಟ್ಟಲಿಲ್ಲ.

"ಯಣ್ಣಾ, ಇವ್ರಪ್ಪ ಶ್ರಾವಣ ಮುಗಿಯೂತನ ನೋಡ್ತಾನಂತ. ಊರಾಗ ಎಂಟನೇದು ಶುರು ಆದ್ರ ಸಾಲಿ, ಇಲ್ಲಂದ್ರ ಹತ್ತಿ ಬೀಜದ ಹೊಲಕ್ಕ ಹೂವಿಗೆ ಹೂವು ಮುಟ್ಟಸೋ ಕ್ರಾಸಿಂಗ್ ಕೆಲಸಕ್ಕ ಕಳಸ್ತಾನಂತ. ಒಮ್ಮೆ ಹೊಲಕ್ಕ ಹೋದ್ ಹುಡುಗಿ ತಿರುಗಿ ಸಾಲಿಗೆ ಬಂದದ್ದು ನಾ ಕಂಡಿಲ್ಲ. ನೀ ಕೋರ್ಟಿನ ಮಗ್ಗಲಾಗ ಕುಂತಿ. ಏನರ ಮಾಡು."

ತಂಗಿಯ ಗಂಡ ಕೆಟ್ಟವನಲ್ಲ. ಆಟೋದಲ್ಲಿ ಹೆಣ್ಣುಹುಡುಗಿಯನ್ನು ಒಬ್ಬಳೇ ಕಳಿಸಲಾರೆ ಎಂಬುದು ಅವನ ಮಾತು, ಅವನ ಹೆದರಿಕೆಯೂ ಹೌದು. ಹುಡುಗಿ ಮಾತ್ರ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದಳು. ಶ್ರಾವಣ ಯಾವಾಗ ಎಂದು ಹುಡುಕುತ್ತಿದ್ದಾಳೆ ಎಂದು ನನಗೆ ಆಮೇಲೆ ಹೊಳೆಯಿತು.

"ರಿಟ್ ಹಾಕೋಣು" ಎಂದೆ.

"ಹಂಗಂದ್ರ?"

"ಅದು ದಾವೆಗಿಂತ ದೊಡ್ಡದು. ಸೀದಾ ಹೈಕೋರ್ಟ್. ಅಲ್ಲಿಂದ ಹುಕುಂ ಬಂದ್ರ ಮರುದಿನ ಸಾಲಿ ತೆರೀತಾರ."

ನನಗೆ ಗೊತ್ತಿದ್ದದ್ದು ಅಷ್ಟೇ, ಅದೂ ತಪ್ಪು. ಆದರೂ ಆ ವಾರ ನಾನೇ ಕೂತು ಇಪ್ಪತ್ತೆಂಟು ಪುಟದ ರಿಟ್ ಬಡಿದೆ. ತಂಗಿ ವಾದಿ, ಅಧಿಕಾರಿ ಪ್ರತಿವಾದಿ. ಶಾಲೆಯ ಪೂರ್ವ ಪಶ್ಚಿಮ ಉತ್ತರ ದಕ್ಷಿಣ ಚೆಕ್‌ಬಂದಿ ಹಾಕಿದೆ. ಎಂಟು ಸಾಕ್ಷಿಗಳ ಹೆಸರು ಕೊಟ್ಟೆ. ಕೊನೆಗೆ, 'ಸದರಿ ತರಗತಿಯನ್ನು ವಾದಿಯ ಕಬ್ಜೆಗೆ ಕೊಡಿಸಬೇಕು' ಎಂದೂ ಬರೆದೆ. ಅದನ್ನು ಹಳದಿ ಫೈಲಿಗೆ ಕಟ್ಟಿಕೊಂಡು, ತಂಗಿಯ ಜೊತೆ ಬಸ್ಸು ಹತ್ತಿ ಕಲಬುರಗಿಗೆ ಹೋದೆ.

ಅಲ್ಲಿಯ ವಕೀಲೆಗೆ ನಾನು ಹಳೆಯ ಪರಿಚಯ. ಆಕೆ ಮೊದಲು ಲಿಂಗಸುಗೂರಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಕೆಲಸ ಕಲಿಯುತ್ತಿದ್ದಾಗ ನನ್ನ ಅಂಗಡಿಯಲ್ಲೇ ಟೈಪು ಮಾಡಿಸುತ್ತಿದ್ದಳು. ನನ್ನ ಫೈಲು ತೆಗೆದು ಮೂರು ಪುಟ ಓದಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಐದನೇ ಪುಟಕ್ಕೆ ಕೈ ತೆಗೆದು ಜೋರಾಗಿಯೇ ನಕ್ಕಳು.

"ಕಾಕಾ, ಸಾಲಿಗೆ ಚೆಕ್‌ಬಂದಿ ಯಾಕ ಹಾಕೀರಿ? ಸಾಲಿ ಏನು ಅಣ್ತಮ್ರು ಪಾಲು ಮಾಡ್ಕೊಳ್ಳಾಕತ್ತಾರೇನ್ರಿ?"

ನನಗೆ ಸಿಟ್ಟು ಬಂತು. ಆದರೆ ತಂಗಿ ನನ್ನ ಅಂಗಿಯ ತುದಿ ಜಗ್ಗಿ, "ಸುಮ್ನಿರು, ಕೇಳೂಣು" ಎಂದಳು. ವಕೀಲೆ ಆಮೇಲೆ ಸಮಾಧಾನವಾಗಿ ಹೇಳಿದ್ದು ಇಷ್ಟು. ಇಬ್ಬರ ನಡುವಿನ ಜಗಳ ದಾವೆ. ಅಲ್ಲಿ ಸಾಕ್ಷಿ, ಪಾಟೀಸವಾಲು ಎಲ್ಲ ಬೇಕು. ರಿಟ್ ಅಂದರೆ ಹಾಗಲ್ಲ. ಸರ್ಕಾರದ ಮನುಷ್ಯ ಮಾಡಬೇಕಾದ್ದನ್ನು ಮಾಡದಿದ್ದರೆ ಅಥವಾ ಮಾಡಬಾರದ್ದನ್ನು ಮಾಡಿದರೆ, ಹೈಕೋರ್ಟ್ ಅವನಿಗೆ ಬರೆಯುವ ಹುಕುಂ ಅದು. ಸಾಕ್ಷಿ ಕರೆಯುವುದಿಲ್ಲ, ಕಾಗದವೇ ಮಾತಾಡಬೇಕು. ಅದರಲ್ಲಿ ಐದು ಬಗೆ. ಅವುಗಳ ಲ್ಯಾಟಿನ್ ಹೆಸರುಗಳನ್ನು ಆಕೆ ಹೇಳಿದಳು. ನನ್ನ ಕಿವಿಗೆ ಬಿದ್ದು ಹಾಗೆಯೇ ಜಾರಿಹೋದವು.

ತಂಗಿ ಮಾತ್ರ ಬೆರಳು ಮಡಿಚುತ್ತ ಕೇಳುತ್ತಿದ್ದಳು. ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಾಗ ಆಕೆಯೇ ನನಗೆ ಪಾಠ ಮಾಡಿದಳು.

"ತಿಳೀತೇನಣ್ಣ? ಅತ್ತಿ ಸೊಸೀಗೆ 'ರೊಟ್ಟಿ ಬಡಿ, ನಿನ್ ಕೆಲಸ ಅದು' ಅಂದ್ರ ಅದು ಮ್ಯಾಂಡಮಸ್. 'ಹಾಲಿಗೆ ನೀರು ಹಾಕಬ್ಯಾಡ' ಅಂದ್ರ ಅದು ಪ್ರೊಹಿಬಿಷನ್. ಸೊಸಿ ಮಾಡಿದ ಪಲ್ಯ ತಂದು ನೋಡಿ, 'ಇದು ನಡೆಯಂಗಿಲ್ಲ, ಚೆಲ್ಲು' ಅಂದ್ರ ಸರ್ಷಿಯೊರರಿ. ಮಗನ್ನ ಸೊಸಿ ತವರಿನವರು ಇಟ್ಕೊಂಡು ಕಳಸ್ಲಿಲ್ಲಂದ್ರ, 'ತಂದು ನನ್ನ ಮುಂದ ನಿಲ್ಲಸ್ರಿ' ಅನ್ನೋದು ಹೇಬಿಯಸ್. ಯಾರೋ ಬಂದು ಅತ್ತಿ ಕಟ್ಟಿ ಮ್ಯಾಲ ಕುಂತ್ರ, 'ಇಲ್ಲಿ ಕುಂದ್ರಾಕ ನೀ ಯಾರು?' ಅನ್ನೋದು ಐದನೇದು. ನಮಗ ಬೇಕಾದ್ದು ಮೊದಲನೇದು."

ಪಕ್ಕದ ಮೇಜಿನಲ್ಲಿದ್ದ ಇಬ್ಬರು ಕರಿಕೋಟಿನವರು ಊಟ ಬಿಟ್ಟು ಕೇಳುತ್ತಿದ್ದರು. ನಾನು ಇಡ್ಲಿ ತಿನ್ನುವುದರಲ್ಲಿ ಮಗ್ನನಾದವನಂತೆ ನಟಿಸಿದೆ.

ಊಟ ಮುಗಿಸಿ ಮತ್ತೆ ಹೋದಾಗ ವಕೀಲೆ ಕೇಳಿದ ಮುಖ್ಯ ಪ್ರಶ್ನೆ ಇನ್ನೊಂದಿತ್ತು. "ಮ್ಯಾಂಡಮಸ್ ಕೇಳಬೇಕಂದ್ರ ಮೊದಲು ಅಧಿಕಾರಿಗೆ ನೀವು ಬರೆದು ಕೇಳಿರಬೇಕು, ಅವರು ಮಾಡಿರಬಾರದು. ನೀವು ಕೊಟ್ಟ ಅರ್ಜಿ ಎಲ್ಲೈತಿ? ಅದರ ಸ್ವೀಕೃತಿ ಎಲ್ಲೈತಿ?"

ತಂಗಿ ಚೀಲದಿಂದ ಒಂದು ಕವರು ತೆಗೆದು ಮೇಜಿನ ಮೇಲೆ ಹರಡಿದಳು. ಅಧಿಕಾರಿಗೆ ಶಾಲು ಹೊದಿಸುತ್ತಿರುವ ಫೋಟೋ, ಮಾಲೆ ಹಾಕುತ್ತಿರುವ ಫೋಟೋ, ತೆಂಗಿನಕಾಯಿ ಕೊಡುತ್ತಿರುವ ಫೋಟೋ. ಅದು ಅಧ್ಯಕ್ಷರು ಊರ ಪರವಾಗಿ ಕಳಿಸಿದ ಪುರಾವೆ.

"ಅರ್ಜಿ?" ಎಂದಳು ವಕೀಲೆ ಮತ್ತೊಮ್ಮೆ.

"ಅರ್ಜಿ ಕೊಡೋದು ಚಲೋ ಕಾಣಂಗಿಲ್ರಿ ಅಂತ…" ಎಂದು ನಾನು ತೊದಲಿದೆ. ಮೂವತ್ತು ವರ್ಷ ಬೇರೆಯವರ ಅರ್ಜಿ ಬಡಿದ ಮನುಷ್ಯ, ನಮ್ಮೂರಿಗಾಗಿ ಒಂದೇ ಒಂದು ಅರ್ಜಿ ಬಡಿದಿರಲಿಲ್ಲ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದರಂತೆ ಅನ್ನುತ್ತಾರಲ್ಲ, ಆ ಗಾದೆ ನನ್ನಂಥವನನ್ನು ನೋಡಿಯೇ ಹುಟ್ಟಿರಬೇಕು.

ವಾಪಸು ಬಂದು ಒಂದು ಪುಟದ ಅರ್ಜಿ ಬರೆದೆವು. ತಂಗಿಯೇ ಅದನ್ನು ಇಲಾಖೆಯ ಕಚೇರಿಗೆ ಒಯ್ದಳು. ಗುಮಾಸ್ತರು, "ಇಟ್ಟು ಹೋಗವ್ವ" ಎಂದರಂತೆ. "ಇಡ್ತೀನ್ರಿ, ಇದ್ರ ನಕಲಿನ ಮ್ಯಾಲ ಮೊಹರು ಒತ್ರಿ, ಆವಕ ನಂಬರು ಹಾಕ್ರಿ" ಎಂದಳಂತೆ ಈಕೆ. "ನಂಬಿಕಿ ಇಲ್ಲೇನು?" ಎಂದದ್ದಕ್ಕೆ, "ನಂಬಿಕಿ ಐತ್ರಿ. ಹೈಕೋರ್ಟಿಗೂ ನಿಮ್ಮ ಮ್ಯಾಲ ನಂಬಿಕಿ ಬರಲಿ ಅಂತ" ಎಂದು ಬೆಂಚಿನ ಮೇಲೆ ಕೂತುಬಿಟ್ಟಳಂತೆ. ಮಧ್ಯಾಹ್ನದ ಊಟಕ್ಕೆ ಮೊದಲು ಮೊಹರು ಬಿತ್ತು. ಆ ನೀಲಿ ಮೊಹರನ್ನು ಆಕೆ ನನಗೆ ತೋರಿಸಿದ ಠೀವಿ ನೋಡಬೇಕಿತ್ತು.

ಉತ್ತರಕ್ಕೆ ಕಾದೆವು. ಜೂನ್ ಬಂತು, ಶಾಲೆ ಶುರುವಾಯಿತು, ಎಂಟನೇ ತರಗತಿಯ ಬೀಗ ತೆರೆಯಲಿಲ್ಲ, ಉತ್ತರವೂ ಬರಲಿಲ್ಲ. ಹುಡುಗಿ ದಿನಾ ಬೆಳಿಗ್ಗೆ ತಲೆ ಬಾಚಿ, ಎರಡು ಜಡೆ ಹಾಕಿಕೊಂಡು ಕಟ್ಟೆಯ ಮೇಲೆ ಕೂರುತ್ತಾಳೆ ಎಂದು ತಂಗಿ ಫೋನಿನಲ್ಲಿ ಹೇಳಿದಳು. ಮತ್ತೆ ಕಲಬುರಗಿಗೆ ಹೊರಟೆವು, ಈ ಸಲ ಹುಡುಗಿಯನ್ನೂ ಕರೆದುಕೊಂಡು.

ರಿಟ್ ಹೇಗೆ ಹಾಕುತ್ತಾರೆಂದು ನಾನು ಕಣ್ಣಾರೆ ನೋಡಿದ್ದು ಆಗಲೇ. ಅರ್ಜಿದಾರಳು ಹುಡುಗಿ, ಅಪ್ರಾಪ್ತಳಾದ್ದರಿಂದ ತಾಯಿಯ ಮೂಲಕ. ಎದುರಿಗೆ ಸರ್ಕಾರ, ಇಲಾಖೆ, ತಾಲ್ಲೂಕಿನ ಅಧಿಕಾರಿ. ನನ್ನ ಇಪ್ಪತ್ತೆಂಟು ಪುಟ ಆರಕ್ಕೆ ಇಳಿಯಿತು. ಮೊದಲಿಗೆ ದಿನಾಂಕಗಳ ಪಟ್ಟಿ, ಆಮೇಲೆ ಸಂಗತಿ, ಆಮೇಲೆ ಯಾಕೆ ಇದು ತಪ್ಪು ಎಂಬ ಕಾರಣ, ಕೊನೆಗೆ ಏನು ಬೇಕು ಎಂಬ ಪ್ರಾರ್ಥನೆ. ಹಿಂದೆ ಎ, ಬಿ, ಸಿ ಎಂದು ಗುರುತು ಹಾಕಿದ ಲಗತ್ತುಗಳು: ಸರ್ಕಾರಿ ಆದೇಶ, ಹುಡುಗಿಯ ಅಂಕಪಟ್ಟಿ, ನೀಲಿ ಮೊಹರಿನ ಅರ್ಜಿ. ಕನ್ನಡದ ಕಾಗದಗಳಿಗೆ ಇಂಗ್ಲಿಷ್ ಅನುವಾದ. ವಕಾಲತ್ತಿಗೆ ಸಹಿ. ಮತ್ತೆ, ಬರೆದದ್ದೆಲ್ಲ ನಿಜ ಎಂದು ತಂಗಿ ಪ್ರಮಾಣ ಮಾಡುವ ಅಫಿಡವಿಟ್.

ಅಫಿಡವಿಟ್ ಸಿದ್ಧ ಮಾಡುವಾಗ ವಕೀಲೆ, "ಅಕ್ಕಾರ, ನಿಮ್ಮ ಓದು ಎಲ್ಲೀತನ?" ಎಂದು ಕೇಳಿದಳು.

"ಏಳನೇ ಪಾಸ್‌ರಿ. ನಾನೂ ಸಾಲಿಗೆ ಮೊದಲನೇದಕ್ಕ ಬಂದಿದ್ದೆ. ಆಮ್ಯಾಲ ಊರಾಗ ಎಂಟನೇದು ಇರಲಿಲ್ಲ. ಯಣ್ಣ ಲಿಂಗಸುಗೂರು ಹಾಸ್ಟೆಲಿಗೆ ಬಂದ, ನಾ ಮನ್ಯಾಗ ಉಳಿದ್ನಿ."

ಆಕೆ ಅದನ್ನು ದೂರಿನಂತೆ ಹೇಳಲಿಲ್ಲ, ಸಂತೆಗೆ ಹೋದಾಗ ಮಳೆ ಬಂತು ಎಂದು ಹೇಳುವ ಹಾಗೆ ಹೇಳಿದಳು. ವಕೀಲೆ ಅದನ್ನೇ ಒಂದು ಪ್ಯಾರಾ ಮಾಡಿ ಸೇರಿಸಿದಳು. ನಾನು ಅಫಿಡವಿಟ್ಟನ್ನು ಪಕ್ಕದ ಅಂಗಡಿಯಲ್ಲಿ ಟೈಪು ಮಾಡಿಸಿ, ಓದಿ ತಿದ್ದಿದೆ. ಆ ಪ್ಯಾರಾದಲ್ಲಿ ತಿದ್ದಲು ಏನೂ ಇರಲಿಲ್ಲ. ಆದರೂ ಅದನ್ನೇ ಮೂರು ಸಲ ಓದಿದೆ, ಮುಂದಿನ ಪುಟಕ್ಕೆ ಹೋಗಲು ಮನಸ್ಸಾಗಲಿಲ್ಲ.

ಅಫಿಡವಿಟ್ಟಿನಲ್ಲಿ ಬರೆದದ್ದನ್ನು ತಾಯಿ ಮಗಳು ಕೂಡಿ ಓದಿದರು. ತಂಗಿ ದೊಡ್ಡ ದುಂಡು ಅಕ್ಷರದಲ್ಲಿ ಸಹಿ ಹಾಕಿ ಪ್ರಮಾಣ ಮಾಡಿದಳು. ಅರ್ಜಿ ಒಳಗೆ ಹೋಯಿತು. ನನಗೆ ಅಷ್ಟಕ್ಕೆ ಮುಗಿಯಿತು ಅನ್ನಿಸಿತ್ತು, ಆದರೆ ಹೈಕೋರ್ಟಿನ ಕಚೇರಿಯವರು ಆಕ್ಷೇಪಣೆ ಬರೆದು ಕಳಿಸಿದರು: ಇಂತಿಷ್ಟನೇ ಪುಟದ ಝೆರಾಕ್ಸ್ ಕಪ್ಪಾಗಿದೆ, ಪುಟಸಂಖ್ಯೆ ಎರಡು ಕಡೆ ತಪ್ಪಿದೆ. ಪುಟಸಂಖ್ಯೆ ಹಾಕಿದವನು ನಾನೇ. ಅದನ್ನು ತಿದ್ದಿ ಕೊಟ್ಟ ಮೇಲೆ ನಂಬರು ಬಿತ್ತು. ನಮ್ಮ ಹುಡುಗಿಯ ಶಾಲೆ ಈಗ ಒಂದು ಅಂಕಿ, ಒಂದು ಓರೆಗೀಟು ಮತ್ತು ಒಂದು ವರ್ಷವಾಗಿತ್ತು.

ಮೊದಲ ದಿನ ಸರ್ಕಾರಿ ವಕೀಲರು, ವಿಷಯ ಕೇಳಿ ಹೇಳುತ್ತೇನೆ ಎಂದು ಸಮಯ ಪಡೆದರು. ಎರಡನೇ ಸಲ ನಾವು ಮೂವರೂ ಕೋರ್ಟ್ ಹಾಲಿನ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಆಷಾಢ ಮುಗಿಯುತ್ತ ಬಂದಿತ್ತು. ನಮ್ಮ ನಂಬರು ಕೂಗಿದರು. ಸರ್ಕಾರಿ ವಕೀಲರು ಎದ್ದು ನಿಂತು ಇಂಗ್ಲಿಷಿನಲ್ಲಿ ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಒಂದೇ: ಎಂಟನೇ ತರಗತಿ ಆಗಲೇ ಶುರುವಾಗಿದೆಯಂತೆ! ಅದಕ್ಕೆ ದಾಖಲೆ ಇದೆಯಂತೆ! ಎಂದವರೇ ಒಂದು ಕಾಗದವನ್ನು ಮುಂದೆ ಕೊಟ್ಟರು.

ದೂರದಿಂದಲೇ ನನಗೆ ಬಳ್ಳಿಯ ಅಂಚು ಕಾಣಿಸಿತು.

ನೆಲ ಬಾಯಿ ಬಿಡಬಾರದೇ ಅನ್ನಿಸಿದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ನ್ಯಾಯಮೂರ್ತಿಗಳು ಕನ್ನಡಕ ಸರಿಮಾಡಿಕೊಂಡು ಕನ್ನಡದಲ್ಲಿಯೇ ಗಟ್ಟಿಯಾಗಿ ಓದಿದರು: "ಎಂಟನೇ ತರಗತಿಯೆಂಬ ಗಂಗೆಯನ್ನು ಹರಿಸಿದ ಆಧುನಿಕ ಭಗೀರಥರೇ…" ಓದಿ ತಲೆ ಎತ್ತಿದರು. "ಇದು ಊರವರೇ ಕೊಟ್ಟಿದ್ದಾ? ಹಾಗಾದರೆ ಗಂಗೆ ಬಂದಿದೆಯೋ ಇಲ್ಲವೋ? ಅದನ್ನು ಹೇಳಿ."

ನಮ್ಮ ವಕೀಲೆ ಒಂದು ಕ್ಷಣ ಹಿಂದೆ ತಿರುಗಿ ನನ್ನನ್ನು ನೋಡಿದಳು. ಆ ನೋಟ ನೆನೆದರೆ ಈಗಲೂ ಬೆವರುತ್ತೇನೆ. ಬಿನ್ನವತ್ತಳೆಯ ಸುದ್ದಿಯನ್ನು ನಾನು ಆಕೆಗೆ ಹೇಳಿಯೇ ಇರಲಿಲ್ಲ. ಚೆಕ್‌ಬಂದಿ ನೋಡಿ ನಕ್ಕವಳು ಇನ್ನೂ ನಗುತ್ತಾಳೆಂದು ಮುಚ್ಚಿಟ್ಟಿದ್ದೆ. ಆದರೂ ನನ್ನ ಮುಖ ನೋಡಿಯೇ ಬರೆದವರು ಯಾರೆಂದು ಊಹಿಸಿದ ಆಕೆ ತಡವರಿಸಲಿಲ್ಲ. "ಬಂದಿಲ್ಲ ಸ್ವಾಮಿ. ಕೂಸು ಹುಟ್ಟುವುದಕ್ಕೆ ಮುಂಚೆ ಇವರು ಕುಲಾವಿ ಹೊಲಿಸಿದ್ದಾರೆ. ಬರೆದವರು ಇಲ್ಲೇ ಇದ್ದಾರೆ."

"ಯಾರು?"

ನಾನು ಎದ್ದು ನಿಂತೆ. "ನಾನ್ರಿ ಸ್ವಾಮಿ. ನಮ್ಮ ಕಡೆ ಕೆಲಸ ಆಗೂಕಿಂತ ಮೊದಲ ಹೊಗಳೋ ಪದ್ಧತಿ ಐತ್ರಿ. ಹೊಗಳಿದ ಮ್ಯಾಲ ಮನಷ್ಯಾ ನಾಚಿಕಿಗರ ಮಾಡ್ತಾನ ಅಂತ್ರಿ."

"ಮಾಡಿದರಾ?"

"ಇಲ್ರಿ. ವರ್ಗ ಆಗಿ ಹೋದ್ರಿ."

ಕೋರ್ಟ್ ಹಾಲಿನಲ್ಲಿ ನಗು ಎದ್ದಿತು. ಸರ್ಕಾರಿ ವಕೀಲರೂ ನಕ್ಕರು. ನ್ಯಾಯಮೂರ್ತಿಗಳು ನಗು ತಡೆದುಕೊಂಡು ಹುಡುಗಿಯನ್ನು ನೋಡಿ, "ನೀನು ಎಂಟನೇ ತರಗತಿಗೆ ಹೋಗ್ತಿದ್ದೀಯೇನಮ್ಮ?" ಎಂದು ಕೇಳಿದರು. ಹುಡುಗಿ ಎದ್ದು ಕೈ ಕಟ್ಟಿ, "ಇಲ್ರಿ. ಕೋಣಿ ಐತ್ರಿ, ಕೀಲಿ ಹಾಕೇತ್ರಿ" ಎಂದಳು. ಆಗ ಯಾರೂ ನಗಲಿಲ್ಲ.

ಆದೇಶ ಇಂಗ್ಲಿಷಿನಲ್ಲಿ ಸರಸರ ಬರೆಸಿದರು. ಹೊರಗೆ ಬಂದ ಮೇಲೆ ವಕೀಲೆ ಕನ್ನಡದಲ್ಲಿ ಬಿಡಿಸಿ ಹೇಳಿದಳು. ಅಧಿಕಾರಿ ಖುದ್ದು ಊರಿಗೆ ಹೋಗಿ ನೋಡಬೇಕು. ನೋಡಿ, ನೀಲಿ ಮೊಹರಿನ ಅರ್ಜಿಯನ್ನು ಪರಿಗಣಿಸಿ, ನಾಲ್ಕು ವಾರದೊಳಗೆ ಕಾರಣ ಸಹಿತ ತೀರ್ಮಾನಿಸಬೇಕು.

"ಪರಿಗಣಿಸಿ? ಬರೀ ಪರಿಗಣಿಸಿ ಅಷ್ಟನ?" ನಾನು ಕೂಗಿಯೇಬಿಟ್ಟೆ. ನಾಳೆಯೇ ಬೀಗ ತೆಗೆಯಿರಿ ಎಂದು ಹೇಳುತ್ತಾರೆಂದು ನಾನು ತಿಳಿದಿದ್ದೆ. ಇಷ್ಟು ಬಸ್ಸು, ಇಷ್ಟು ಕಾಗದ, ಇಷ್ಟು ಮಾನಭಂಗ, ಎಲ್ಲ ಒಂದು 'ಪರಿಗಣಿಸಿ'ಗಾಗಿಯೇ?

ತಂಗಿಯೇ ನನ್ನನ್ನು ತಣ್ಣಗೆ ಮಾಡಿದಳು. "ಯಣ್ಣಾ, ಅತ್ತಿ 'ರೊಟ್ಟಿ ಬಡಿ' ಅಂತಾಳ. ತಾನ ಬಂದು ಬಡಿಯಂಗಿಲ್ಲ. ಬಡಿಯಾಕಿ ಸೊಸೀನ. ಆದ್ರ ಈಗ ಸೊಸಿ 'ನನಗ ಯಾರೂ ಹೇಳಿಲ್ಲ' ಅನ್ನಂಗಿಲ್ಲಲ್ಲ?" ವಕೀಲೆ ಆಕೆಯ ಬೆನ್ನು ತಟ್ಟಿ, "ಕಾಕಾ, ಇದನ್ನ ನನಗ ಕಾಲೇಜಿನಾಗ ಇಷ್ಟು ಚೆಂದ ಯಾರೂ ಹೇಳಿರಲಿಲ್ರಿ" ಎಂದಳು.

ಆದೇಶದ ದೃಢೀಕೃತ ನಕಲನ್ನು ತಂಗಿಯೇ ಕಚೇರಿಗೆ ಮುಟ್ಟಿಸಿ ಮತ್ತೊಂದು ಮೊಹರು ಹಾಕಿಸಿಕೊಂಡಳು. ಎರಡನೇ ವಾರದಲ್ಲಿ ಹೊಸ ಅಧಿಕಾರಿ ಊರಿಗೆ ಬಂದರು. ಅಂದು ನಾನೂ ಅಂಗಡಿಗೆ ಬೀಗ ಹಾಕಿ ಹೋಗಿದ್ದೆ. ಅವರು ಶಾಲೆಯ ಸುತ್ತ ಒಂದು ಸುತ್ತು ಹಾಕಿ, "ಎಂಟನೇ ತರಗತಿ ಎಲ್ಲಿದೆ?" ಎಂದು ಕೇಳಿದರು. ಮುಖ್ಯಗುರುಗಳು ಬೀಗ ಹಾಕಿದ ಕೋಣೆ ತೋರಿಸಿದರು. ಅಧಿಕಾರಿ ತಲೆ ಕೆರೆದುಕೊಂಡು ನಿಂತರು. "ನಾನು ಬಂದಾಗಿನಿಂದ ಆ ಬಿನ್ನವತ್ತಳೆ ನನ್ನ ಕುರ್ಚಿಯ ಎದುರು ಗೋಡೆ ಮೇಲೇ ಇದೆ. ದಿನಾ ಓದ್ತಿದ್ದೆ. ನಿಮ್ಮ ಅರ್ಜಿ ಬಂದಾಗ, ಇದು ಆಗಿಹೋದ ಕೆಲಸ ಅಂತ ಗುಮಾಸ್ತರು ಕಡತಕ್ಕೆ ಸೇರಿಸಿದರು, ನಾನೂ ಹೌದು ಅಂದೆ" ಎಂದರು. ಹಿಂದಿನ ಅಧಿಕಾರಿ ಹೋಗುವಾಗ ಶಾಲು ಒಯ್ದು ಚೌಕಟ್ಟನ್ನು ಬಿಟ್ಟುಹೋಗಿದ್ದರು. ಅದನ್ನು ನೋಡಿದವರೆಲ್ಲ ನಮ್ಮೂರಿನ ಎಂಟನೇ ತರಗತಿ ಚೆನ್ನಾಗಿ ನಡೆಯುತ್ತಿದೆ ಎಂದು ನಂಬಿದ್ದರು. ಅಷ್ಟು ಚೆನ್ನಾಗಿ ಬರೆದಿದ್ದೆ ನಾನು.

ನನ್ನ ಮುಖ ಸಪ್ಪೆಯಾದದ್ದನ್ನು ನೋಡಿ ಅವರೇ ನಕ್ಕರು. ಸಂತೆಕಲ್ಲೂರಿನ ಶಾಲೆಯಿಂದ ಒಬ್ಬ ಮೇಷ್ಟರನ್ನು ನಿಯೋಜಿಸುವುದಾಗಿ ಅಲ್ಲಿಯೇ ಬರೆದರು, ಹಾಜರಿ ಪುಸ್ತಕ ತೆರೆಯಲು ಹೇಳಿದರು. ಅಷ್ಟರಲ್ಲಿ ನಮ್ಮ ಅಧ್ಯಕ್ಷರ ಕೈ ತಮ್ಮ ಚೀಲದೊಳಗೆ ಹೋಗಿ ಶಾಲಿನ ಅಂಚು ಹೊರಗೆ ಇಣುಕಿತು. ಅಧಿಕಾರಿ ಹಾವು ಕಂಡವರಂತೆ ಹಿಂದೆ ಸರಿದರು. "ಬ್ಯಾಡ್ರಿ ಯಜಮಾನ್ರ! ಮೊದಲು ಹುಡುಗರು ಕೂತು ಪಾಠ ಕೇಳಲಿ" ಎಂದು ಜೀಪು ಹತ್ತಿಬಿಟ್ಟರು. ಅಧ್ಯಕ್ಷರಿಗೆ ಒಂದು ವಾರ ಊಟ ಸೇರಲಿಲ್ಲ.

ಶ್ರಾವಣದ ಎರಡನೇ ಸೋಮವಾರ ಮೇಷ್ಟರು ಬಂದರು, ಬೀಗ ತೆಗೆದರು. ಹದಿನೇಳು ಮಕ್ಕಳು ಕೂತರು, ಅದರಲ್ಲಿ ಹನ್ನೊಂದು ಹೆಣ್ಣು. ನಮ್ಮ ಹುಡುಗಿಯನ್ನು ಬಿಡಲು ತಂಗಿಯ ಗಂಡನೇ ಹೋಗಿದ್ದ. ಹತ್ತಿಯ ಹೊಲದವರು ಕೇಳಲು ಬಂದಾಗ, "ನನ್ನ ಮಗಳು ಹೈಕೋರ್ಟಿಗೆ ಹೋಗಿ ಬಂದಾಳ, ಅಕಿನ್ನ ಹೊಲಕ್ಕ ಹೆಂಗ ಕಳಸ್ಲಿ?" ಎಂದನಂತೆ.

ಕೆಲವು ವಾರಗಳ ಮೇಲೆ ಒಂದು ಭಾನುವಾರ ಮಸ್ಕಿಯಲ್ಲಿ ಸಾಮಾನು ಕೊಂಡು ಊರಿಗೆ ಹೋದೆ. ಹುಡುಗಿ ಹೊರಗೆ ಗೆಳತಿಯರ ಜೊತೆ ಆಡುತ್ತಿದ್ದಳು. ತಂಗಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಹಿಟ್ಟಿನ ಡಬ್ಬಿಗೆ ಆನಿಸಿ ಎಂಟನೇ ತರಗತಿಯ ವಿಜ್ಞಾನದ ಪುಸ್ತಕ ತೆರೆದಿಟ್ಟಿತ್ತು. ಹಾಳೆಯ ಮೂಲೆಗೆ ಹಿಟ್ಟಿನ ಬೆರಳಿನ ಗುರುತು ಬಿದ್ದಿತ್ತು. ನನ್ನನ್ನು ನೋಡಿ ಮುಚ್ಚಿಡಲು ಹೋದಳು, ಆಮೇಲೆ ಬಿಟ್ಟಳು.

"ಯಣ್ಣಾ, ಎಂಟನೇದು ಭಾಳ ಕಠಿಣ ಅಂತ ಅವ್ವ ಅಪ್ಪ ಹೇಳ್ತಿದ್ರಲ್ಲ. ನಾನೂ ಹಂಗ ಅಂದ್ಕೊಂಡಿದ್ನಿ. ಇಕಿ ಮಲಗಿದ ಮ್ಯಾಲ ದಿನಾ ಒಂದೀಟು ಓದಾಕತ್ತೀನಿ. ಕಠಿಣ ಏನಿಲ್ಲಲ್ಲೋ! ಎಲ್ಲಾ ತಿಳೀತೈತಿ."

ನಾನು ಗೋಡೆಗೆ ಆನಿಸಿ ಕೂತೆ. ಮನೆಯಲ್ಲಿ ಯಾರಿಗೂ ಹೇಳದೆ ಇಷ್ಟು ವರ್ಷ ಮುಚ್ಚಿಟ್ಟುಕೊಂಡಿದ್ದ ಒಂದು ಮಾತು ತಾನಾಗಿಯೇ ಬಾಯಿಗೆ ಬಂತು. "ನನಗ ತಿಳೀತಿರಲಿಲ್ಲವ್ವ. ಹಾಸ್ಟೆಲಿನಾಗ ನಾ ಎಂಟನೇದು ಎರಡು ಸಲ ಕುಂತೀನಿ. 'ಸಾಲಿ ದೊಡ್ಡದೈತಿ, ಒಂದು ವರ್ಷ ಹೆಚ್ಚು' ಅಂತ ಅಪ್ಪಗ ಸುಳ್ಳು ಹೇಳಿದ್ದೆ."

ತಂಗಿಯ ಕೈ ನಿಂತಿತು. ನನ್ನನ್ನೇ ನೋಡಿದಳು. ಆಮೇಲೆ ನಗಲು ಶುರುಮಾಡಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಹಿಟ್ಟಿನ ಕೈಯಲ್ಲೇ ಒರೆಸಿಕೊಂಡು ಕೆನ್ನೆಯೆಲ್ಲ ಬೆಳ್ಳಗಾಯಿತು. ನಾನೂ ನಕ್ಕೆ.

"ಅಯ್ಯ ಯಣ್ಣಾ," ಎಂದಳು, ಮತ್ತೆ ರೊಟ್ಟಿಗೆ ಕೈ ಹಾಕುತ್ತ, "ಆ ಎರಡನೇ ವರ್ಷ ನನಗರ ಕೊಡಬೇಕಿತ್ತಲ್ಲೋ."